ಆರು ಮೂಲೆಯ ತುಂಡುಗಳು ಕೊನೆಗೂ ಹೊಂದಿಕೊಂಡವು

ಅಮ್ಮನ ಹಳೆಯ ಇಳಕಲ್ ಸೀರೆಗಳಿಂದ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ ಕೌದಿ ಹೊಲಿಯಲು ಕುಳಿತಿದ್ದೆ. ತುಂಡುಗಳನ್ನು ಸುತ್ತುಸುತ್ತಾಗಿ ಜೋಡಿಸಿದರೆ ಒಂದು ಹೂವು; ಅದರ ಲೆಕ್ಕ ಸುಲಭ: ನಡುವೆ 1, ಸುತ್ತ 6, ಅದರಾಚೆ 12, ಒಟ್ಟು 19. ಆದರೆ ಚಾಪೆಯ ಮೇಲೆ ಹರಡಿ ನೋಡಿದರೆ ಒಂದು ಹೂವೂ ಎದ್ದು ಕಾಣಲಿಲ್ಲ, ಎಲ್ಲವೂ ಕಲಸಿಹೋಗಿತ್ತು. ಎರಡು ದಿನ ಬಣ್ಣ ಬದಲಿಸಿದ್ದೇ ಬಂತು.

ಮೊಬೈಲ್‌ನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದಾಗ ಗುಟ್ಟು ತಿಳಿಯಿತು. ಕೆಂಪು, ಹಸಿರು ಎರಡೂ ಒಂದೇ ಬೂದು! ಬಣ್ಣ ಬೇರೆಯಾದರೂ ಗಾಢತೆ ಒಂದೇ ಆಗಿತ್ತು. ಆರರ ಸುತ್ತಿಗೆ ಗಾಢ ಕೆಂಪನ್ನೇ ಉಳಿಸಿ, ಹನ್ನೆರಡರ ಸುತ್ತಿಗೆ ತಿಳಿ ಹಳದಿ ಇಟ್ಟೆ. ಹೂವಿನಿಂದ ಹೂವಿಗೆ ಕೆನೆಬಣ್ಣದ ಒಂದು ಸಾಲು ಬಿಟ್ಟೆ. ಆ ಸಾಲು ಬಿದ್ದ ಕೂಡಲೇ ಹೂಗಳು ಅರಳಿದವು. ಎಷ್ಟು ಸಂತೋಷವಾಯಿತೆಂದರೆ ಅಮ್ಮನನ್ನು ಕೂಗಿ ಕರೆದೆ. ಜಾಗ ತಪ್ಪದಂತೆ ಪ್ರತಿ ಸಾಲನ್ನೂ ದಾರಕ್ಕೆ ಪೋಣಿಸಿ, ಸಂಖ್ಯೆಯ ಚೀಟಿ ಕಟ್ಟಿಟ್ಟಿದ್ದೇನೆ.