ಕೊರಿಯಾದ ಊರುಗಳಲ್ಲಿ ಊಟಕ್ಕೆ ಕೂರುವ ಮುನ್ನ

ಕೊರಿಯಾಕ್ಕೆ ಹೋಗಿ ಬಂದ ನಮ್ಮ ಕಡೆಯವರನ್ನು ಊಟದ ವಿಷಯ ಕೇಳಿ ನೋಡಿ. 'ಬ್ರೆಡ್ಡು, ಬಾಳೆಹಣ್ಣು ತಿಂದು ದಿನ ಕಳೆದೆವು' ಅನ್ನುವವರೇ ಜಾಸ್ತಿ. ಅಷ್ಟು ಖರ್ಚು ಮಾಡಿ ಅಷ್ಟು ದೂರ ಹೋಗಿ, ಅಂಥಾ ಒಳ್ಳೆಯ ಅಡುಗೆಯ ನಾಡಿನಲ್ಲಿ ಅರೆಹೊಟ್ಟೆ ಇರುವುದು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಸ್ವಲ್ಪ ತಯಾರಿ ಇದ್ದರೆ ಸಾಕು, ಎಲ್ಲರೂ ಹೊಟ್ಟೆ ತುಂಬಾ ಉಣ್ಣಬಹುದು.

ಹಂತ 1: ಫೋನ್. ನಡೆದು ಹೋಗುವ ದಾರಿ ಹುಡುಕಲು ನೇವರ್ ಮ್ಯಾಪ್ ಆ್ಯಪ್, ಮೆನು ಓದಲು ಪಪಾಗೊ ಅನ್ನುವ ಅನುವಾದದ ಆ್ಯಪ್. ಎರಡನ್ನೂ ಹೊರಡುವ ಮೊದಲೇ ಹಾಕಿಕೊಳ್ಳಿ.

ಹಂತ 2: ಹೋಟೆಲಿನ ಹೆಸರು ಹುಡುಕಬೇಡಿ, ಆ ಊರಿನ ಅಡುಗೆ ಹುಡುಕಿ. ಅಲ್ಲಿನ ಒಳ್ಳೆಯ ಹೋಟೆಲುಗಳು ಹೆಚ್ಚಾಗಿ ಒಂದೆರಡು ಅಡುಗೆಯನ್ನಷ್ಟೇ ಮಾಡುತ್ತವೆ. ಎಷ್ಟೋ ಕಡೆ ಬೋರ್ಡಿನ ಮೇಲೆ ಆ ಅಡುಗೆಯ ಹೆಸರೇ ಇರುತ್ತದೆ. ನಲವತ್ತು ಬಗೆ ಇರುವ, ಇಂಗ್ಲಿಷಿನಲ್ಲಿ ಬರೆದು ಫೋಟೋ ಹಾಕಿದ ಮೆನು ಕಂಡರೆ ಮುಂದೆ ನಡೆಯಿರಿ.

ಬುಸಾನ್‌ನಲ್ಲಿ ಮಾಂಸ ತಿನ್ನುವವರಿಗೆ ದ್ವೆಜಿ ಗುಕ್‌ಬಾಪ್, ಅಂದರೆ ಹಂದಿ ಮೂಳೆ ಕುದಿಸಿದ ಬಿಳಿ ಸಾರು, ಅನ್ನ. ಅದೇ ಊರಿನ ಮಿಲ್‌ಮ್ಯೊನ್ ಕೂಡ ಬಿಡಬೇಡಿ. 1950ರಲ್ಲಿ ಶುರುವಾದ ಯುದ್ಧದಿಂದ ಓಡಿಬಂದ ಉತ್ತರದ ಜನ, ತಮ್ಮ ಊರಿನ ತಣ್ಣನೆ ನೂಡಲ್ಸ್‌ಗೆ ಬೇಕಾದ ಬಕ್‌ವೀಟ್ ಅನ್ನುವ ಕಾಳು ಸಿಗದೆ ಗೋಧಿ ಹಿಟ್ಟಿನಲ್ಲಿ ಮಾಡಿಕೊಂಡದ್ದು ಅದು. ಜಗಲ್‌ಚಿ ಮೀನು ಮಾರುಕಟ್ಟೆಯಲ್ಲಿ ಕೆಳಗೆ ಮೀನು ಕೊಂಡು ಮೇಲೆ ಹೋಗಿ ತಿನ್ನಬಹುದು. ಆದರೆ ಟೇಬಲ್ಲಿಗೆ, ಅಡುಗೆ ಮಾಡಿಕೊಡಲು ಬೇರೆ ದುಡ್ಡು ತೆಗೆದುಕೊಳ್ಳುತ್ತಾರೆ. ಎಷ್ಟು ಅಂತ ಮೀನು ಕೊಳ್ಳುವ ಮೊದಲೇ ಕೇಳಿ.

ಅಲ್ಲಿಂದ ಸ್ವಲ್ಪ ನಡೆದರೆ ನಾಂಪೊ-ದೊಂಗ್. ಅಲ್ಲಿ ಸ್ಸಿಯಾತ್ ಹೊತ್ತೊಕ್ ಮಾಡುವವರ ಮುಂದೆ ಸಾಲು ಇರುತ್ತದೆ. ಹಿಟ್ಟಿನ ಉಂಡೆಯೊಳಗೆ ಸಕ್ಕರೆ ತುಂಬಿ, ಕಾವಲಿಯ ಮೇಲೆ ಒತ್ತಿ, ಎಣ್ಣೆಯಲ್ಲಿ ಕೆಂಪಗೆ ಬೇಯಿಸುತ್ತಾರೆ. ಆಮೇಲೆ ಕತ್ತರಿಯಿಂದ ಅಂಚು ಸೀಳಿ, ಕರಗಿದ ಪಾಕದ ಮೇಲೆ ಸೂರ್ಯಕಾಂತಿ, ಕುಂಬಳದ ಬೀಜಗಳನ್ನು ಚಮಚದಿಂದ ತುಂಬುತ್ತಾರೆ. ಕಾಗದದ ಲೋಟದಲ್ಲಿಟ್ಟು ಕೊಡುತ್ತಾರೆ. ಒಂದು ನಿಮಿಷ ತಡೆದು ಕಚ್ಚಿ, ಒಳಗಿನ ಪಾಕ ನಾಲಿಗೆ ಸುಡುತ್ತದೆ.

ಹಂತ 3: ಸಾರು. ಸಸ್ಯಾಹಾರಿಗಳು ಎಡವುವುದು ಇಲ್ಲೇ.

ರಾಜಧಾನಿ ಸೋಲ್‌ನ ಒಂದು ಸಣ್ಣ ಹೋಟೆಲಿನಲ್ಲಿ ನಮ್ಮ ಅತ್ತಿಗೆ 'ಕೊಗಿ ಬೇಡ' ಅಂತ ಮೂರು ಸಲ ಹೇಳಿದರು. ಕೊಗಿ ಅಂದರೆ ಮಾಂಸ. ಅಲ್ಲಿನ ಅಜ್ಜಿ ತಲೆಯಾಡಿಸಿ ಕಲ್‌ಗುಕ್ಸು ತಂದಿಟ್ಟರು. ತಿಳಿ ಸಾರು, ಕೈಯಲ್ಲಿ ಕತ್ತರಿಸಿದ ಗೋಧಿ ಎಳೆ, ಮೇಲೆ ಸೌತೆಯಂಥ ಹಸಿರು ತರಕಾರಿ. ಅರ್ಧ ತಿಂದ ಮೇಲೆ ಅತ್ತಿಗೆಗೆ ವಾಸನೆ ಬಂತು. ಕೇಳಿದ್ದಕ್ಕೆ ಅಜ್ಜಿ ಪ್ರೀತಿಯಿಂದಲೇ ಒಳಗೆ ಕರೆದು ಪಾತ್ರೆ ತೋರಿಸಿದರು. ಬಟ್ಟೆಯ ಗಂಟಿನಲ್ಲಿ ಬೆರಳುದ್ದದ ಒಣಮೀನು, ಜೊತೆಗೆ ಕಡಲಪಾಚಿಯ ತುಂಡು. ಅತ್ತಿಗೆ ಆ ದಿನ ರಾತ್ರಿ ಏನೂ ತಿನ್ನಲಿಲ್ಲ.

ಅಜ್ಜಿ ಮೋಸ ಮಾಡಿರಲಿಲ್ಲ. ಮೀನಿಗೆ ಅಲ್ಲಿ 'ಮುಲ್‌ಗೊಗಿ', ನೀರಿನ ಮಾಂಸ ಅಂತಲೇ ಹೆಸರು. ಆದರೂ ಬರೀ 'ಕೊಗಿ' ಅಂದಾಗ ಜನರ ಮನಸ್ಸಿಗೆ ಬರುವುದು ದನ, ಹಂದಿ. ಸಾರಿಗೆ ಹಾಕುವ ಒಣಮೀನು ಅವರ ಪಾಲಿಗೆ ನಮ್ಮ ಒಗ್ಗರಣೆಯ ಹಾಗೆ, ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಎರಡು ಮಾತು ಬಾಯಿಪಾಠ ಮಾಡಿ. 'ಕೊಗಿ, ಹೆಮುಲ್, ಹ್ಯಾಮ್ ಪ್ಪೆ ಜುಸೆಯೊ': ಮಾಂಸ, ಸಮುದ್ರದ್ದು, ಹ್ಯಾಮ್ ತೆಗೆದುಬಿಡಿ. ಇನ್ನೊಂದು ಸಾರಿಗೆ: 'ಮ್ಯೊಲ್ಚಿ ಯುಕ್ಸುಯೆಯೊ?' ಇದು ಒಣಮೀನಿನ ಸಾರಾ? 'ನೇ' ಅಂದರೆ ಹೌದು. ನಮ್ಮ ಕಿವಿಗೆ ಅದು ಇಲ್ಲ ಅಂದ ಹಾಗೆ ಕೇಳಿಸುತ್ತದೆ, ಹುಷಾರು. ಫೋನಿನಲ್ಲಿ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು.

ಮೀನು ತೆಗೆಯಿರಿ ಅಂತ ಸಾರಿನ ಹೋಟೆಲಿನಲ್ಲಿ ಒತ್ತಾಯ ಮಾಡಬೇಡಿ. ಸಾರು ಬೆಳಿಗ್ಗೆಯೇ ಕುದಿಸಿ ಇಟ್ಟಿರುತ್ತಾರೆ. ನನ್ನ ಮಾತು ಕೇಳಿ, ಸಾರೇ ಬೇಡ. ಎಲೆಕೋಸಿನ ಉಪ್ಪಿನಕಾಯಿಯಂಥ ಕಿಮ್ಚಿಯನ್ನೂ ಬಿಡಿ, ಅದಕ್ಕೆ ಸಾಮಾನ್ಯವಾಗಿ ಮೀನಿನ ರಸ ಅಥವಾ ಉಪ್ಪಿನಲ್ಲಿಟ್ಟ ಸೀಗಡಿ ಹಾಕುತ್ತಾರೆ. ಬಿಬಿಂಬಾಪ್, ಅಂದರೆ ಮೇಲೆ ತರಕಾರಿ ಇಟ್ಟು ಕಲಸಿ ತಿನ್ನುವ ಅನ್ನ, ಒಳ್ಳೆಯದೇ. ಆದರೆ ಅದಕ್ಕೆ ಹೆಸರಾದ ಜೊಂಜು ಊರಿನಲ್ಲೇ ಹೆಚ್ಚು ಎಚ್ಚರ ಬೇಕು. ಅಲ್ಲಿ ಮೂಳೆ ಸಾರಿನಲ್ಲಿ ಅನ್ನ ಮಾಡುವುದುಂಟು, ಮೇಲೆ ಹಸಿ ದನದ ಮಾಂಸ ಇಡುವುದುಂಟು. ಕೆಲವು ಕಡೆ ಹುರಿದ ಮೆಣಸಿನ ಪೇಸ್ಟಿನಲ್ಲೂ ಕೊಚ್ಚಿದ ಮಾಂಸ ಇರುತ್ತದೆ.

ಹಾಗಾದರೆ ಏನು ತಿನ್ನಬೇಕು? ಕಿಂಬಾಪ್ ಅಂದರೆ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ, ಅಂಗಡಿಯಲ್ಲಿ ಕಣ್ಣೆದುರೇ ಸುತ್ತುತ್ತಾರೆ. ಹ್ಯಾಮ್, ಮೀನಿನ ಕೇಕ್, ಏಡಿ ಕಡ್ಡಿ (ಕ್ರ್ಯಾಬ್ ಸ್ಟಿಕ್) ಕೈ ತೋರಿಸಿ ತೆಗೆಸಿ. ಬೇಸಿಗೆಯಲ್ಲಿ ಕೊಂಗ್‌ಗುಕ್ಸು ಸಿಗುತ್ತದೆ. ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿನಲ್ಲಿ ನೂಡಲ್ಸ್. ಅರ್ಧ ಮೊಟ್ಟೆ ಇಟ್ಟಿರಬಹುದು, ಬೇಡ ಅಂದರೆ ಆಯಿತು. ಸೋಲ್‌ನಿಂದ ರೈಲಿನಲ್ಲಿ ಎರಡು ಗಂಟೆ ಹೋದರೆ ಗಂಗ್‌ನಂಗ್. ಅಲ್ಲಿನ ಚೊದಂಗ್ ಬಡಾವಣೆಯಲ್ಲಿ ಸೋಯಾ ಹಾಲನ್ನು ಸಮುದ್ರದ ನೀರು ಹಾಕಿ ಒಡೆಸುತ್ತಾರೆ. ಬೆಚ್ಚಗಿನ ಬಿಳಿ ತೋಫುವಿಗೆ ಎರಡು ಹನಿ ಸೋಯಾ ಸಾಸ್ ಹಾಕಿ ತಿನ್ನಿ. ಕೆಂಪು ಸಾರಿನ ತೋಫು ಬೇಡ, ಬಿಳಿಯದೇ ಕೇಳಿ.

ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟದ ಹಿರಿಯರು ಜೊತೆಗಿದ್ದರೆ ಸೋಲ್‌ನ ಜೋಗ್ಯೆಸಾ ಬೌದ್ಧ ದೇವಾಲಯದ ಎದುರಿಗೆ ಬಲ್ವು ಗೊಂಗ್ಯಾಂಗ್ ಇದೆ. ದೇವಾಲಯದ ಅಡುಗೆಯಲ್ಲಿ ಮೀನು, ಮಾಂಸದ ಜೊತೆ ಇವೆರಡೂ ನಿಷಿದ್ಧ. ದುಬಾರಿ, ಮೊದಲೇ ಬುಕ್ ಮಾಡಬೇಕು. ಆದರೂ ಒಂದು ಸಲ ಕರೆದುಕೊಂಡು ಹೋಗಿ. ಪರದೇಶದಲ್ಲಿ ಅನುಮಾನ ಇಲ್ಲದೆ ಉಣ್ಣುವುದು ಅವರಿಗೆ ದೊಡ್ಡ ನೆಮ್ಮದಿ.

ಸುಲಭದ ದಾರಿ ಅಂತ ಕನ್ವೀನಿಯನ್ಸ್ ಸ್ಟೋರ್ ಅಂಗಡಿಯ ತ್ರಿಕೋನ ಕಿಂಬಾಪ್‌ಗೆ ಕೈ ಹಾಕಬೇಡಿ, ಒಳಗೆ ಟ್ಯೂನಾ ಮೀನು ಅಥವಾ ಮಾಂಸ ಇರುವುದೇ ಜಾಸ್ತಿ. ಕಪ್ ನೂಡಲ್ಸ್ ಪುಡಿಯಲ್ಲೂ ಹೆಚ್ಚಾಗಿ ದನದ ಮಾಂಸದ ಸಾರ ಇರುತ್ತದೆ. ಅದೇ ಅಂಗಡಿಯಲ್ಲಿ ಡಬ್ಬಿ ಅನ್ನ ಸಿಗುತ್ತದೆ, ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಸಾಕು. ಮನೆಯಿಂದ ತಂದ ಪುಳಿಯೋಗರೆ ಗೊಜ್ಜು ಕಲಸಿಕೊಂಡರೆ ಊಟ ಆಯಿತು.

ಹಂತ 4: ಕೂತ ಮೇಲೆ. ಚಮಚ, ಕಡ್ಡಿ ಕಾಣದಿದ್ದರೆ ಟೇಬಲ್ಲಿನ ಪಕ್ಕದ ಡ್ರಾಯರ್ ಎಳೆಯಿರಿ. ನೆಂಚಿಕೊಳ್ಳಲು ಕೊಡುವ ಪಲ್ಯಗಳನ್ನು ಮತ್ತೆ ಕೇಳಬಹುದು, ದುಡ್ಡಿಲ್ಲ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ. ಟಿಪ್ಸ್ ಇಡಬೇಡಿ. ಬಿಲ್ ಕೌಂಟರಿನಲ್ಲಿ. ಎಷ್ಟೋ ಹೋಟೆಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮುಚ್ಚಿರುತ್ತವೆ. ಕೆಂಡದ ಮೇಲೆ ಮಾಂಸ ಸುಡುವ ಕಡೆ ಸಾಮಾನ್ಯವಾಗಿ ಇಬ್ಬರ ಪಾಲಿಗಿಂತ ಕಡಿಮೆ ಕೊಡುವುದಿಲ್ಲ, ಒಬ್ಬರೇ ಹೋಗುವವರು ನೆನಪಿಡಿ.

ಒಂದು ಸಂಜೆಯನ್ನು ಸೋಲ್‌ನ ಕ್ವಾಂಗ್‌ಜಾಂಗ್ ಮಾರುಕಟ್ಟೆಗೆ ಇಡಿ. 1905ರಲ್ಲಿ ಶುರುವಾದದ್ದು. ಬೀಸುವ ಕಲ್ಲು ಗರಗರ ತಿರುಗುತ್ತಿರುತ್ತದೆ, ಮೇಲಿಂದ ನೆನೆದ ಹೆಸರುಬೇಳೆ ಸುರಿಯುತ್ತಾರೆ, ಅಂಚಿನಿಂದ ಹಿಟ್ಟು ಇಳಿಯುತ್ತದೆ. ಮೊಳಕೆ ಬೆರೆಸಿ, ಎಣ್ಣೆ ತುಂಬಿದ ಕಾವಲಿಗೆ ದಪ್ಪಗೆ ಹಾಕುತ್ತಾರೆ. ಬಿಂದೆತ್ತೊಕ್ ಅಂತಾರೆ. ನಮ್ಮ ಹೆಸರುಬೇಳೆ ದೋಸೆಯ ಹತ್ತಿರದ ನೆಂಟ. ಕೆಲವರು ಹಂದಿ ಮಾಂಸ, ಕಿಮ್ಚಿ ಸೇರಿಸುತ್ತಾರೆ, ಹಿಟ್ಟು ಹಾಕುವ ಮೊದಲೇ ಕೇಳಿ. ಬೆಲೆಯ ಬೋರ್ಡಿನ ಮೇಲೆ ಬೆರಳಿಟ್ಟು ಒಂದು ಅಂತ ಹೇಳಿ, ಒಲೆಯ ಮುಂದಿನ ಬೆಂಚಿನಲ್ಲೇ ಕೂತು ಅಂಚಿನ ಗರಿಗರಿ ಭಾಗದಿಂದ ಶುರು ಮಾಡಿ.