ಹಿತ್ತಲಲ್ಲಿ ಕೊಳ, ಅದಕ್ಕೊಂದು ಜಲಪಾತ: ನೀರು ಸೋರದಂತೆ ಕಟ್ಟುವುದು ಹೇಗೆ?

ಕೊಳದ ನೀರು ದಿನಾ ಇಳಿಯುತ್ತಿದ್ದರೆ ಎಲ್ಲರೂ ಮೊದಲು ಬೈಯುವುದು ತಳದ ಶೀಟನ್ನು. ಮೀನುಗಳನ್ನು ಬಕೆಟ್‌ಗೆ ಹಾಕಿ, ನೀರೆಲ್ಲ ಖಾಲಿ ಮಾಡಿ, ತೂತು ಹುಡುಕುತ್ತಾ ಕೂರುತ್ತಾರೆ. ತೂತು ಸಿಗುವುದಿಲ್ಲ. ನಾನು ನೋಡಿದ ಹೆಚ್ಚಿನ ಕೊಳಗಳಲ್ಲಿ ನೀರು ಹೋಗುತ್ತಿದ್ದದ್ದು ಜಲಪಾತದ ಪಕ್ಕದಿಂದ. ಹಾಗಾಗಿ ಉಳಿದ ಕೆಲಸ ಬೇಗ ಮುಗಿಸಿ ಅಲ್ಲಿಗೆ ಹೋಗೋಣ.

ಜಾಗ: ದೊಡ್ಡ ಮರದ ಕೆಳಗೆ ಬೇಡ, ಎಲೆ ಉದುರಿ ಕೊಳೆಯುತ್ತದೆ. ಹಿತ್ತಲಿನ ತಗ್ಗಿನ ಮೂಲೆಯೂ ಬೇಡ, ಮಳೆ ಬಂದರೆ ಕೆಸರೆಲ್ಲ ಕೊಳಕ್ಕೇ. ನೈದಿಲೆ ಬೆಳೆಸುವ ಆಸೆಯಿದ್ದರೆ ದಿನಕ್ಕೆ 5–6 ಗಂಟೆ ಬಿಸಿಲು ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಬೇಲಿ, ಆಮೇಲೆ ಕೊಳ.

ಗುಂಡಿ: 2 ಅಡಿ ಆಳ ಸಾಕು. ಗಿಡದ ಕುಂಡ ಇಡಲು ಒಂದು ಅಡಿ ಆಳದಲ್ಲಿ ಮೆಟ್ಟಿಲು ಬಿಡಿ. ಅಂಚು ಸುತ್ತಲೂ ಒಂದೇ ಮಟ್ಟದಲ್ಲಿರಬೇಕು. ಕಣ್ಣಂದಾಜು ನಂಬಬೇಡಿ, ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿ.

ಶೀಟ್: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆಂದು ಇನ್ನೂ 2 ಅಡಿ ಸೇರಿಸಿ. ಅಗಲಕ್ಕೂ ಇದೇ ಲೆಕ್ಕ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 16x12 ಅಡಿ ಶೀಟ್ ಬೇಕು. ಇಪಿಡಿಎಂ ರಬ್ಬರ್ ಶೀಟೇ ತನ್ನಿ. ನೀಲಿ ಟಾರ್ಪಾಲಿನ್ ಹಾಸಿ ದುಡ್ಡು ಉಳಿಸುವವರಿದ್ದಾರೆ. ಬಿಸಿಲಿಗೆ ಅದು ಬೇಗ ಸೀಳುತ್ತದೆ, ಗುಂಡಿ ತೋಡಿದ್ದೇ ಲಾಭ. ಶೀಟಿನ ಕೆಳಗೆ ದಪ್ಪ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸುವುದು ಮರೆಯಬೇಡಿ.

ಈಗ ಜಲಪಾತ. ನೀರು ಇಳಿದು ಬರುವ ದಿಬ್ಬಕ್ಕೆ ತೋಡಿದ ಮಣ್ಣನ್ನೇ ಬಳಸಬಹುದು, ಆದರೆ ಸುಮ್ನೆ ರಾಶಿ ಹಾಕಿದರೆ ಮುಂದೆ ಕುಸಿಯುತ್ತದೆ. ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ದಿಬ್ಬದ ಶೀಟ್ ಕೊಳದ ಶೀಟಿನ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಕನಿಷ್ಠ ಒಂದು ಅಡಿ ಒಂದರ ಮೇಲೊಂದು ಬರಲಿ, ಕೆಳಗಿನ ಶೀಟಿನ ತುದಿ ಕೊಳದ ನೀರಿನ ಮಟ್ಟಕ್ಕಿಂತ ಮೇಲಿರಲಿ.

ಎಲ್ಲರೂ ಎಡವುವುದು ಪಕ್ಕಗಳಲ್ಲಿ. ನೀರು ಹರಿಯುವ ದಾರಿಯ ಎರಡೂ ಬದಿ ಶೀಟನ್ನು ಅರ್ಧ ಅಡಿ ಮೇಲೆತ್ತಿ, ಕಲ್ಲಿನ ಹಿಂದೆ ನಿಲ್ಲಿಸಿ. ಕಲ್ಲಿನ ಕೆಳಗೆ ಮಡಚಿಟ್ಟರೆ ನೀರು ತೆಪ್ಪಗೆ ಮಣ್ಣಿಗೆ ಇಳಿಯುತ್ತದೆ.

ನೀರು ಧುಮುಕುವ ಚಪ್ಪಡಿ ಎಡಬಲ ಸಮನಾಗಿರಬೇಕು, ಮುಂದಕ್ಕೆ ಒಂಚೂರು ಬಾಗಿರಬೇಕು, ಅಂಚು 2 ಇಂಚು ಹೊರಚಾಚಿರಬೇಕು. ಇಲ್ಲದಿದ್ದರೆ ನೀರು ಬೀಳುವುದಿಲ್ಲ, ಕಲ್ಲಿನ ಅಡಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುತ್ತದೆ. ಚಪ್ಪಡಿಯ ಕೆಳಗಿನ ಸಂದಿಗೆ ಜಲಪಾತಕ್ಕೆಂದೇ ಬರುವ ಕಪ್ಪು ಫೋಮ್ ತುಂಬಿ. ಬಾಗಿಲ ಚೌಕಟ್ಟಿಗೆ ಹೊಡೆಯುವ ಹಳದಿ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ. ಸಿಮೆಂಟ್ ಮೆತ್ತುವುದಂತೂ ಬೇಡವೇ ಬೇಡ. ಮಣ್ಣು ಸ್ವಲ್ಪ ಕುಸಿದರೂ ಬಿರುಕು ಬಿಡುತ್ತದೆ, ಹಸಿ ಸಿಮೆಂಟಿನ ಸುಣ್ಣ ಮೀನಿಗೂ ಕೇಡು.

ಪಂಪ್: ಒಂದು ಅಡಿ ಅಗಲದ ಧಾರೆಗೆ ಗಂಟೆಗೆ ಸುಮಾರು 4,500 ಲೀಟರ್ ನೀರು ಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಎತ್ತರವೇ ಇಲ್ಲದಾಗಿನ ಲೆಕ್ಕ. ನಿಮ್ಮ ದಿಬ್ಬದ ಎತ್ತರಕ್ಕೆ ಎಷ್ಟು ಎತ್ತುತ್ತದೆ ಎಂದು ಒಳಗಿನ ಚಾರ್ಟಿನಲ್ಲಿ ನೋಡಿ. ಪಂಪನ್ನು ಜಲಪಾತದ ಎದುರು ತುದಿಯಲ್ಲಿ, ಇಟ್ಟಿಗೆಯ ಮೇಲಿಡಿ. ವೈರಿಂಗ್ ಎಲೆಕ್ಟ್ರಿಷಿಯನ್ನೇ ಮಾಡಲಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಕಡ್ಡಾಯ.

ಅಂಚಿನ ಕಲ್ಲು ಜೋಡಿಸುವ ಮೊದಲೇ ರಾತ್ರಿಯಿಡೀ ಪಂಪ್ ಓಡಿಸಿ. ನೀರು ಜಾಸ್ತಿ ಇಳಿಯಿತಾ? ಕೊಳ ಮತ್ತೆ ತುಂಬಿಸಿ, ಮರುದಿನ ಪಂಪ್ ನಿಲ್ಲಿಸಿಡಿ. ಆಗಲೂ ಅಷ್ಟೇ ಇಳಿದರೆ ತೊಂದರೆ ಕೊಳದಲ್ಲಿ. ನಿಂತರೆ ಜಲಪಾತದಲ್ಲಿ, ಪಕ್ಕದ ಒದ್ದೆ ಮಣ್ಣೇ ಜಾಗ ತೋರಿಸುತ್ತದೆ. ಮಿಕ್ಕ ಶೀಟಿಗೆ ಕತ್ತರಿ ಹಾಕುವುದು ಇದೆಲ್ಲ ಸರಿಹೋದ ಮೇಲೆ.

ಮೀನಿಗೆ ಅವಸರ ಬೇಡ. ನಲ್ಲಿ ನೀರಿನ ಕ್ಲೋರಿನ್ ಕೆಲವು ದಿನ ಬಿಟ್ಟರೆ ಹಾರಿಹೋಗುತ್ತದೆ. ಕೆಲವೆಡೆ ಕ್ಲೋರಿನ್ ಬದಲು ನೀರಿಗೆ ಹಾಕುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಡಿಕ್ಲೋರಿನೇಟರ್ (ಅದನ್ನು ನಿಷ್ಕ್ರಿಯಗೊಳಿಸುವ ಔಷಧಿ) ಹಾಕಲೇಬೇಕು. ಮೊದಲು ನಾಲ್ಕಾರು ಗಪ್ಪಿ ಬಿಡಿ, ಸೊಳ್ಳೆ ಮರಿಗಳನ್ನು ಅವೇ ತಿನ್ನುತ್ತವೆ.