‘ಕಶೇ ಓರೆಫ್’ ಅನ್ನೋ ಪದಕ್ಕೆ ಕನ್ನಡ ಹುಡುಕಿದ್ದು

ನಮ್ಮ ಬೈಬಲ್ ಓದೋ ಗುಂಪಿಗೆ ವಿಮೋಚನಕಾಂಡದ ನೋಟ್ಸ್ ಕನ್ನಡಕ್ಕೆ ಮಾಡ್ತಿದ್ದೆ. 32ನೇ ಅಧ್ಯಾಯ, ಚಿನ್ನದ ಕರು ಮಾಡಿ ಪೂಜೆ ಮಾಡಿದ ಕಥೆ, ಅಲ್ಲಿ ಹೀಬ್ರೂ ಮೂಲದಲ್ಲಿ ದೇವರು ಇಸ್ರಾಯೇಲ್ಯರನ್ನ ‘ಕಶೇ ಓರೆಫ್’ ಜನ ಅಂತಾನೆ, ಇಂಗ್ಲಿಷ್‌ನಲ್ಲಿ ಸ್ಟಿಫ್‌ನೆಕ್ಡ್. ನಾನು ಜಾಸ್ತಿ ಯೋಚ್ನೆ ಮಾಡದೇನೇ ‘ಹಠಮಾರಿ’ ಅಂತ ಹಾಕ್ಬಿಟ್ಟೆ. ಆಮೇಲೆ ಮನಸ್ಸು ಒಪ್ಲಿಲ್ಲ, ಯಾಕಂದ್ರೆ ಚಾಕ್ಲೇಟ್ ಬೇಕು ಅಂತ ಕೂತ ಮಗುನೂ ಹಠಮಾರಿನೇ ಅಲ್ವಾ.

ಹೀಬ್ರೂ ಡಿಕ್ಷನರಿ ತೆಗೆದೆ. ಕಶೇ ಅಂದ್ರೆ ಗಟ್ಟಿ, ಓರೆಫ್ ಅಂದ್ರೆ ಕತ್ತಿನ ಹಿಂಭಾಗ. ಬೈಬಲ್‌ನ ಯೆರೆಮೀಯ ಪುಸ್ತಕದ 2:27ರಲ್ಲೂ ಅದೇ ಓರೆಫ್, ಜನ ನನಗೆ ಮುಖ ತೋರಿಸ್ದೆ ಬೆನ್ನು ತೋರಿಸಿದ್ರು ಅಂತ ದೇವರು ನೊಂದ್ಕೊಳ್ಳೋ ಜಾಗ. ಅದೇ ಪುಸ್ತಕದ 17:23ರಲ್ಲಿ ಕಿವಿಗೆ ಮಾತು ಬೀಳಬಾರ್ದು ಅಂತ್ಲೇ ಕತ್ತು ಗಟ್ಟಿ ಮಾಡ್ಕೊಂಡ್ರು ಅಂತಿದೆ. ಅಂದ್ರೆ ಇದು ಬೇಕು ಬೇಕು ಅನ್ನೋ ಹಠ ಅಲ್ಲ, ಕರೆದ್ರೂ ತಿರುಗದ ಕತ್ತು.

ಊರಲ್ಲಿ ಉಳುಮೆ ಮಾಡಿದ ಚಿಕ್ಕಪ್ಪಂಗೆ ಫೋನ್ ಮಾಡಿ ಕೇಳ್ದೆ, ಹೊಸ ಹೋರಿನ ನೊಗಕ್ಕೆ ಕಟ್ಟುವಾಗ ಏನ್ ಮಾಡುತ್ತೆ ಅಂತ. “ಕತ್ತು ಸೆಟೆಸ್ಕೊಂಡು ನಿಂತ್ಬಿಡ್ತದೆ ಕಣೋ, ಎಷ್ಟು ಎಳೆದ್ರೂ ಈ ಕಡೆ ತಿರುಗಲ್ಲ” ಅಂದ್ರು. ಸಿಕ್ತು ನಂಗೆ! ‘ಸೆಟೆದ ಕತ್ತಿನ ಜನ’.

ಆದ್ರೆ ನಿಜವಾದ ತಪ್ಪು ಗೊತ್ತಾಗಿದ್ದು ಮುಂದೆ. ವಿಮೋಚನಕಾಂಡ 33:3ರಲ್ಲಿ ದೇವರು, ನೀವು ಸೆಟೆದ ಕತ್ತಿನವರು, ಅದಕ್ಕೇ ನಾನು ನಿಮ್ಮ ಜೊತೆ ಬರಲ್ಲ ಅಂತಾನೆ. 34:9ರಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ಅದೇ ಪದ ಹಿಡ್ಕೊಂಡು, ಸ್ವಾಮಿ ಇವರು ಸೆಟೆದ ಕತ್ತಿನವರು, ಅದಕ್ಕೇ ನೀನು ನಮ್ಮ ಜೊತೆ ಬಾ, ಕ್ಷಮಿಸು ಅಂತ ಬೇಡ್ಕೋತಾನೆ. ಬಿಟ್ಟು ಹೋಗೋಕೆ ಕೊಟ್ಟ ಕಾರಣಾನೇ ಜೊತೆಗಿರೋಕೆ ಕಾರಣ ಆಗ್ಬಿಡ್ತು! ನಾನು ಒಂದು ಕಡೆ ‘ಹಠಮಾರಿ’ ಇನ್ನೊಂದು ಕಡೆ ‘ಮಾತು ಕೇಳದವರು’ ಅಂತ ಬರೆದು ಆ ಮಾತಿನ ಜೀವಾನೇ ತೆಗೆದಿದ್ದೆ. ಈಗ ನಾಲ್ಕೂ ಕಡೆ, 32:9, 33:3, 33:5, 34:9, ಒಂದೇ ಪದ ಇಟ್ಟಿದ್ದೀನಿ.

ಇನ್ನೊಂದು ವಿಷ್ಯ. ಇದನ್ನ ಹೇಳೋರು ಇಸ್ರಾಯೇಲ್ಯರ ದೇವರು, ಅವರದೇ ಮೋಶೆ, ಅಪೊಸ್ತಲರ ಕೃತ್ಯಗಳು 7:51ರಲ್ಲಿ ಯೇಸುವನ್ನ ನಂಬಿದ ಸ್ತೆಫನ, ಅವನೂ ಇಸ್ರಾಯೇಲ್ಯರ ವಂಶದ ಯೆಹೂದ್ಯನೇ. ಮನೆಯವರು ಮನೆಯವರಿಗೆ ಬೈಯೋ ಮಾತು. ಹೊರಗಿನವರು ನಾವು ಇದನ್ನ ಇವತ್ತಿನ ಯೆಹೂದ್ಯರ ಮೇಲೆ ಹಾಕೋದು ತಪ್ಪು, ಅದನ್ನೂ ನೋಟ್ಸ್‌ನಲ್ಲಿ ಪದದ ಕೆಳಗೇ ಬರೆದು ಕೊಟ್ಟೆ.